ಮ್ಯಾಚ್ ದಿನ ಬೆಲ್ ಯಾವಾಗ ಹೊಡೀಬೇಕು?

(ನಮ್ಮ ತಾಲ್ಲೂಕಿನ ಶಿಕ್ಷಕರು-ಪೋಷಕರ ಸಭೆಲಿ ಆಡಿದ ಮಾತಿದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಮೈಕು ಕೈಕೊಟ್ಟ ಕಡೆ ನೆನಪಿಂದ ತುಂಬಿಸಿದೀನಿ, ಉಳಿದದ್ದು ಹೇಗೆ ಮಾತಾಡಿದ್ನೋ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಟೀವಿಲಿ ದೊಡ್ಡ ಮ್ಯಾಚ್ ಬರೋ ದಿನ ಶಾಲೆ ಟೈಮು ಬದಲಾಯಿಸ್ಬೇಕಾ ಬೇಡ್ವಾ, ಇದು ನಂಗೆ ಕೊಟ್ಟಿರೋ ವಿಷಯ. ಆಮಂತ್ರಣ ನೋಡಿ ನಮ್ಮನೆಯವ್ರು ನಕ್ಕುಬಿಟ್ರು, ಸರ್ವೀಸ್ ಪೂರ್ತಿ ಮ್ಯಾಚ್ ದಿನ ಕಾಂಪೌಂಡ್ ಹಾರೋ ಹುಡುಗ್ರನ್ನ ಹಿಡಿಯೋದ್ರಲ್ಲೇ ಕಳೆದ್ರಿ, ಈಗ ಇದಕ್ಕೂ ಭಾಷಣಾನಾ ಅಂತ. ಅವ್ರು ಹೇಳಿದ್ದೂ ನಿಜಾನೇ. ನಾನು ಗಣಿತದ ಮೇಷ್ಟ್ರು, ಆಮೇಲೆ ಎಚ್ಚೆಮ್ಮು, ಅಂದ್ರೆ ಹೆಡ್‌ಮಾಸ್ಟ್ರು, ಹೋದ ವರ್ಷ ಮೇ ತಿಂಗಳಲ್ಲಿ ರಿಟೈರ್ ಆದೆ. ಮ್ಯಾಚ್ ದಿನ ನಾನು ಮಾಡ್ತಿದ್ದಿದ್ದು ಎರಡೇ ಕೆಲಸ, ಒಂದು ಹುಡುಗ್ರ ಹಾಜರಾತಿ ಎಣಿಸೋದು, ಇನ್ನೊಂದು ಯಾರಿಗೂ ಕಾಣದ ಹಾಗೆ ಸ್ಕೋರ್ ನೋಡೋದು. ಎರಡನ್ನೂ ಒಟ್ಟಿಗೆ ಮಾಡ್ತಿದ್ದೆ ಅನ್ನೋದು ನಾಚಿಕೆ ವಿಷಯ, ಆದ್ರೂ ಹೇಳ್ಬಿಡ್ತೀನಿ.

2019ರ ಜುಲೈ 10, ಬುಧವಾರ. ನಿಮಗೆ ನೆನಪಿರ್ಬೇಕು, ಮ್ಯಾಂಚೆಸ್ಟರಲ್ಲಿ ನ್ಯೂಜಿಲೆಂಡ್ ಮೇಲೆ ಸೆಮಿಫೈನಲ್. ಮಂಗಳವಾರ ಶುರುವಾಗಿ ಮಳೆಗೆ ನಿಂತುಹೋಯ್ತು, ಉಳಿದಿದ್ದನ್ನ ಬುಧವಾರ ಮಧ್ಯಾಹ್ನ ಮೂರಕ್ಕೆ ಶುರು ಮಾಡಿದ್ರು. ಮೂರು ಗಂಟೆ ಅಂದ್ರೆ ನಮ್ಮಲ್ಲಿ ಬಿಸಿಯೂಟದ ನಿದ್ದೆ ಇಳಿಯೋ ಹೊತ್ತು, ಇನ್ನೂ ಪಿರಿಯಡ್‌ಗಳು ಬಾಕಿ. ಅವ್ರದ್ದು 239 ಆಗಿ ನಮ್ಮವ್ರು ಬ್ಯಾಟಿಂಗಿಗೆ ಇಳಿದ್ರು. ನಾನು ಆಫೀಸ್ ರೂಮಲ್ಲಿ ಇಲಾಖೆಗೆ ಮಕ್ಕಳ ವಿವರ ತುಂಬೋ ಸ್ಯಾಟ್ಸ್ ಎಂಟ್ರಿ ನೋಡ್ತಾ ಕೂತಿದೀನಿ, ಅಂದ್ರೆ ಕಂಪ್ಯೂಟರ್ ಮೇಲೆ ಸ್ಯಾಟ್ಸು, ಡ್ರಾಯರ್ ಒಳಗೆ ಫೋನು. ರೋಹಿತ್ ಔಟ್. ಕೊಹ್ಲಿ ಔಟ್. ನಮ್ಮ ರಾಹುಲ್ಲೂ ಔಟ್. ಐದಕ್ಕೆ ಮೂರು. ಮನಸ್ಸು ತಡೀಲಿಲ್ಲ, ಸುಮ್ನೆ ಒಂದು ರೌಂಡ್ ಹೋಗ್ಬರೋಣ ಅಂತ ಎದ್ದೆ. ಒಂಬತ್ತನೇ ಕ್ಲಾಸ್ ಬಾಗಿಲ ಹತ್ರ ಹೋದ್ರೆ ಸಮಾಜದ ಮೇಡಂ ಪಾಠ ಮಾಡ್ತಿದಾರೆ, ಅವರ ಬೆನ್ನ ಹಿಂದೆ ಬೋರ್ಡಿನ ಮೂಲೇಲಿ ಚಿಕ್ಕದಾಗಿ ಚಾಕ್‌ಪೀಸಲ್ಲಿ ಬರ್ದಿದೆ, "1+1+1=ಗೋವಿಂದ".

ಮೂರೂ ಜನ ಹೊಡೆದಿದ್ದು ಒಂದೊಂದೇ ರನ್ನು, ಅದು ನಿಮಗೆ ಗೊತ್ತಿದ್ರೆ ಆ ಲೆಕ್ಕ ಅರ್ಥ ಆಗುತ್ತೆ. ನನ್ನ ಪ್ರಶ್ನೆ ಏನಪ್ಪಾ ಅಂದ್ರೆ, ಆ ಕ್ಲಾಸಲ್ಲಿ ಒಂದು ಫೋನಿಲ್ಲ, ರೇಡಿಯೋ ಇಲ್ಲ, ಬಾಗಿಲು ಮುಂದೆ ಮಾಡಿದೆ, ಕೊಹ್ಲಿ ಔಟಾಗಿ ಇನ್ನೂ ಹತ್ತು ನಿಮಿಷ ಆಗಿಲ್ಲ, ಸುದ್ದಿ ಒಳಗೆ ಹೋಗಿದ್ದು ಹೇಗೆ? ಆಮೇಲೆ ಗೊತ್ತಾಯ್ತು. ನೀರು ಕುಡಿಯಕ್ಕೆ ಅಂತ ಒಬ್ಬ ಹೊರಗೆ ಬರೋದು, ನಲ್ಲಿ ಹತ್ರ ನಮ್ಮ ಡಿ ಗ್ರೂಪ್ ಅಣ್ಣ ನಿಂತಿರೋದು, ಅವನು ಬೆರಳಲ್ಲಿ ತೋರ್ಸೋದು, ಇವನು ಹೋಗಿ ಕೂತ್ಕೊಳ್ಳೋದು, ಇನ್ನೊಬ್ಬನಿಗೆ ಬಾಯಾರಿಕೆ ಆಗೋದು. ಅವತ್ತು ನಮ್ಮ ಶಾಲೆ ಮಕ್ಕಳು ಕುಡಿದಷ್ಟು ನೀರು ಇನ್ಯಾವತ್ತೂ ಕುಡಿದಿಲ್ಲ.

ಹಂಗಾಗಿ ಮ್ಯಾಚ್ ದಿನ ಪಾಠ ನಡೆಯುತ್ತೆ, ಶಿಸ್ತು ಮುಖ್ಯ ಅಂತ ಹೇಳೋರಿಗೆ ನಾನು ಹೇಳೋದು ಇಷ್ಟೇ, ಪಾಠ ನಡೆಯುತ್ತೆ ನಿಜ, ನಡೆಯೋದು ಬೋರ್ಡ್ ಮೇಲೆ. ಮೇಷ್ಟ್ರ ತಲೇಲೂ ಇಲ್ಲ ಹುಡುಗ್ರ ತಲೇಲೂ ಇಲ್ಲ.

ಈ ಭಾಷಣಕ್ಕೆ ತಯಾರಿ ಮಾಡ್ಕೊಳ್ಳೋವಾಗ ಕ್ಯಾಲೆಂಡರ್ ಇಟ್ಕೊಂಡು ಕೂತೆ, ಗಣಿತದವನ ಚಾಳಿ. ದೊಡ್ಡ ಮ್ಯಾಚ್ ನಿಜವಾಗ್ಲೂ ಎಷ್ಟು ಸಲ ಶಾಲೆಗೆ ಅಡ್ಡ ಬರುತ್ತೆ? ಗಂಡಸರ ಒನ್‌ಡೇ ವಿಶ್ವಕಪ್ ಫೈನಲ್ಲಲ್ಲಿ ಇಂಡಿಯಾ ಆಡಿರೋದು ನಾಲ್ಕು ಸಲ, 1983 ಶನಿವಾರ, 2003 ಭಾನುವಾರ, 2011 ಶನಿವಾರ, 2023 ಭಾನುವಾರ. ಅಂದ್ರೆ ಫೈನಲ್ಲಿಂದ ನಮಗೆ ತೊಂದ್ರೆನೇ ಇಲ್ಲ, ಶನಿವಾರ ಹೆಂಗಿದ್ರೂ ಬೆಳಗಿನ ಶಾಲೆ. ತೊಂದ್ರೆ ಕೊಡೋದು ಸೆಮಿಫೈನಲ್ಲು. 1983 ಬುಧವಾರ. 1987, ಮುಂಬೈಲಿ ಇಂಗ್ಲೆಂಡಿನ ಗೂಚ್ ಸ್ವೀಪ್ ಹೊಡೆದು ಹೊಡೆದು ನಮ್ಮನ್ನ ಮನೆಗೆ ಕಳಿಸಿದ್ನಲ್ಲ, ಅದು ಗುರುವಾರ. 1996 ಕಲ್ಕತ್ತಾ, ಆ ಗಲಾಟೆ ಮ್ಯಾಚು, ಬುಧವಾರ. 2003 ಗುರುವಾರ. 2011 ಮೊಹಾಲಿ, ಪಾಕಿಸ್ತಾನದ ಮೇಲೆ, ಬುಧವಾರ. 2015 ಸಿಡ್ನಿ, ಗುರುವಾರ, ಅದೂ ನಮ್ಮ ಟೈಮಲ್ಲಿ ಬೆಳಿಗ್ಗೆ ಒಂಬತ್ತಕ್ಕೆ. 2019 ಮಂಗಳವಾರ ಶುರುವಾಗಿ ಬುಧವಾರ ಮುಗೀತು. 2023 ಬುಧವಾರ. ಎಂಟಕ್ಕೆ ಎಂಟೂ ವಾರದ ಮಧ್ಯೆ! ನಲವತ್ತು ವರ್ಷದಲ್ಲಿ ಎಂಟು ಮ್ಯಾಚು, ಅದ್ರಲ್ಲಿ 2003ರದ್ದು ಡರ್ಬನ್ನಲ್ಲಿ ರಾತ್ರಿ ಮ್ಯಾಚು, ನಮ್ಮ ಬೆಲ್ ಹೊಡೆದ ಮೇಲೆ ಶುರುವಾಗಿದ್ದು. ಉಳಿದಿದ್ದು ಏಳು. (ಎಂಟರಲ್ಲಿ ನಾಲ್ಕು ಗೆದ್ವಿ ನಾಲ್ಕು ಸೋತ್ವಿ, ಅದು ಬೇರೆ ಲೆಕ್ಕ.)

ಈಗ ಇನ್ನೊಂದು ಕಡೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗ್ಬೇಕು, ಒಂದರಿಂದ ಐದಕ್ಕೆ 200 ದಿನ, 800 ಗಂಟೆ. ಸಾವಿರ ಗಂಟೇಲಿ ಎರಡು ಗಂಟೆ, ಅದೂ ನಾಲ್ಕು ವರ್ಷಕ್ಕೊಂದ್ಸಲ. ಮಲೆನಾಡು ಕರಾವಳಿ ಕಡೆ ಜುಲೈಲಿ ಡೀಸಿ ಸಾಹೇಬ್ರು ರಾತ್ರಿ ಹತ್ತಕ್ಕೆ ಮಳೆ ರಜೆ ಅಂತಾರೆ, ಆಮೇಲೆ ಶನಿವಾರ ಪೂರ್ತಿ ದಿನ ಮಾಡಿ ಸರಿದೂಗಿಸ್ತಾರೆ. ನಮ್ಮೂರ ತೇರಿಗೆ ಸ್ಥಳೀಯ ರಜೆ ಕೊಡ್ತೀವಿ. ಹೋದ ವರ್ಷ ಮೇಷ್ಟ್ರುಗಳು ಸಮೀಕ್ಷೆಗೆ ಮನೆ ಮನೆ ತಿರುಗ್ಬೇಕು ಅಂತ ದಸರಾ ರಜೆ ಅಕ್ಟೋಬರ್ 18ರವರೆಗೂ ಮುಂದುವರೀತು, ನೀವೆಲ್ಲ ತಿರುಗಿದೀರಿ, ನಿಮ್ಮ ಚಪ್ಪಲಿಗೆ ಗೊತ್ತು. ಶಾಲೆ ಟೈಮ್‌ಟೇಬಲ್ ಅನ್ನೋದು ಕಲ್ಲಲ್ಲಿ ಕೆತ್ತಿದ ಶಾಸನ ಏನಲ್ಲ. ಬಗ್ಗಿಸ್ತಾನೇ ಇದೀವಿ. ಆದ್ರೆ ಮ್ಯಾಚ್ ಅಂದ ತಕ್ಷಣ ಮಾತ್ರ ನಮಗೆ ವಿದ್ಯೆ ನೆನಪಾಗುತ್ತೆ.

ಸರಿ ಹಾಗಾದ್ರೆ ಅರ್ಧ ದಿನ ರಜೆ ಕೊಟ್ಬಿಡೋಣ ಅಂತೀರಾ? ಇಲ್ಲ. ಇಲ್ಲೇ ನಂದು ತಕರಾರು. ಇದನ್ನ ಹೇಳಕ್ಕೇ ಬಂದಿರೋದು.

ಒಂದ್ಸಲ ಹಿಂಗೇ ಒಂದು ಮ್ಯಾಚಿಗೆ, ಯಾವುದು ಅಂತ ಹೇಳಲ್ಲ, ಹುಡುಗ್ರು ಕೇಳಿದ್ರು, ಪೀಟಿ ಮೇಷ್ಟ್ರೂ ಅವ್ರ ಪರ ವಕಾಲತ್ತು ಹಾಕಿದ್ರು, ನಾನು ಮಧ್ಯಾಹ್ನಕ್ಕೇ ಬಿಟ್ಬಿಟ್ಟೆ. ಭಾರಿ ಉದಾರಿ ಎಚ್ಚೆಮ್ಮು ಅಂತ ನನಗೆ ನಾನೇ ಬೆನ್ನು ತಟ್ಕೊಂಡೆ. ಮಾರನೇ ದಿನ ಹತ್ತನೇ ಕ್ಲಾಸಿಗೆ ಹೋಗಿ ಕೇಳಿದೆ, ಯಾರ್ ಯಾರ್ರಪ್ಪಾ ಮ್ಯಾಚ್ ನೋಡಿದ್ದು, ಕೈ ಎತ್ತಿ. ಹುಡುಗ್ರ ಕಡೆ ಎಲ್ಲಾ ಕೈ ಮೇಲೆ. ಹುಡುಗೀರ ಕಡೆ ಮೂರೋ ನಾಲ್ಕೋ. ಯಾಕ್ರಮ್ಮಾ ನಿಮಗೆ ಇಷ್ಟ ಇಲ್ವಾ ಅಂದೆ. ಮುಂದಿನ ಬೆಂಚಲ್ಲಿ ಕೂತಿದ್ದ ಒಂದು ಹುಡುಗಿ ಎದ್ದು ನಿಂತು, "ಸಾರ್, ಬೇಗ ಬಂದ್ಯಲ್ಲ ಅಂತ ನಮ್ಮಮ್ಮ ಹಸಾ ಕಟ್ಕೊಂಬಾ ಅಂದ್ರು" ಅಂದ್ಲು. ಇನ್ನೊಬ್ಳು ಬಟ್ಟೆ ಒಗೆದಿದ್ಲಂತೆ. ಇನ್ನೊಬ್ಳ ಮನೇಲಿ ಟೀವಿ ಇದೆ, ಆದ್ರೆ ಅಣ್ಣನ ಫ್ರೆಂಡ್ಸ್ ಎಲ್ಲಾ ಬಂದು ಹಾಲಲ್ಲಿ ಕೂತಿದ್ರು, ಇವಳು ಒಳಗೆ ಅವ್ರಿಗೆ ಟೀ ಕಾಯಿಸಿದ್ದು.

ನನಗೆ ಅವತ್ತು ಹೊಟ್ಟೇಲಿ ಏನೋ ಚುರುಕ್ ಅಂತು. ನಾನು ರಜೆ ಕೊಟ್ಟಿದ್ದು ಮಕ್ಕಳಿಗೆ ಅಂದ್ಕೊಂಡಿದ್ದೆ, ಕೊಟ್ಟಿದ್ದು ಹುಡುಗ್ರಿಗೆ. ಹುಡುಗೀರಿಗೆ ಕೊಟ್ಟಿದ್ದು ಅರ್ಧ ದಿನದ ಎಕ್ಸ್‌ಟ್ರಾ ಕೆಲಸ. ತಾಯಂದಿರನ್ನ ಬೈತಿಲ್ಲ ನಾನು, ಕೊಟ್ಟಿಗೆ ಕೆಲಸಕ್ಕೆ ಸೆಮಿಫೈನಲ್ಲು ಗೊತ್ತಾಗಲ್ಲ. ಆದ್ರೆ ಶಾಲೆ ಬೆಲ್ ಹೊಡೆಯೋವರೆಗೂ ಆ ಹುಡುಗೀನ ಯಾರೂ ಹಸಾ ಕಟ್ಟಕ್ಕೆ ಕರೆಯಲ್ಲ. ಹಳ್ಳಿ ಕಡೆ ಎಷ್ಟೋ ಹೆಣ್ಮಕ್ಕಳಿಗೆ ದಿನದಲ್ಲಿ ತಮ್ಮದು ಅಂತ ಇರೋ ಹೊತ್ತು ಶಾಲೆ ಹೊತ್ತು ಒಂದೇ. ಅದನ್ನ ನಾವು ಕಡಿಮೆ ಮಾಡಿದ್ರೆ ಮ್ಯಾಚ್ ಅವ್ರಿಗೆ ಸಿಗಲ್ಲ, ಜೊತೆಗೆ ಪಾಠಾನೂ ಹೋಯ್ತು.

ಅದಕ್ಕೇ ನಾನು ಹೇಳೋದು, ಮ್ಯಾಚಿಗೆ ಶಾಲೆ ಬಿಡ್ಬೇಡಿ, ಮ್ಯಾಚನ್ನ ಶಾಲೆ ಒಳಗೆ ಕರ್ಕೊಂಬನ್ನಿ.

2023ರ ನವೆಂಬರ್ 15, ವಾಂಖೆಡೆ, ಮತ್ತೆ ನ್ಯೂಜಿಲೆಂಡು. ದೀಪಾವಳಿ ಮುಗಿದು ಮಕ್ಕಳು ಪಟಾಕಿ ಕೈಯಲ್ಲೇ ಶಾಲೆಗೆ ಬಂದಿದ್ದ ದಿನ. ನಮ್ಮಲ್ಲಿ ಅಷ್ಟೊತ್ತಿಗೆ ಸ್ಮಾರ್ಟ್ ಕ್ಲಾಸ್ ಪ್ರೊಜೆಕ್ಟರ್ ಬಂದಿತ್ತು. ಬಂದು ಒಂದು ವರ್ಷ ಆಗಿದ್ರೂ ಅದರ ಮೇಲಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಅವತ್ತು ತೆಗೆದಿದ್ದು. ಬೆಳಿಗ್ಗೆ ಪ್ರಾರ್ಥನೇಲೇ ಹೇಳ್ಬಿಟ್ಟೆ, ಊಟದ ವಿರಾಮ ಹತ್ತು ನಿಮಿಷ ಕಟ್, ಬೆಳಗಿನ ಪಿರಿಯಡ್‌ಗಳು ಐದೈದು ನಿಮಿಷ ಕಟ್, ಮೂರೂವರೆಗೆ ಪಾಠ ಮುಗಿಯುತ್ತೆ, ಅಲ್ಲಿಂದ ಬೆಲ್ ಹೊಡೆಯೋವರೆಗೂ ಮ್ಯಾಚು, ಯಾರೂ ಕಾಂಪೌಂಡ್ ಹಾರಂಗಿಲ್ಲ. ನೀವು ನಂಬಲ್ಲ, ಅವತ್ತು ಬೆಳಿಗ್ಗೆ ಎಂಟನೇ ಕ್ಲಾಸಲ್ಲಿ ನಾನು ಮಾಡಿದ ಬೀಜಗಣಿತದಷ್ಟು ನಿಶ್ಶಬ್ದವಾಗಿ ಇನ್ಯಾವ ಪಾಠಾನೂ ನಡೆದಿಲ್ಲ. ಯಾಕಂದ್ರೆ ಮ್ಯಾಚ್ ಕದಿಯೋ ಅವಶ್ಯಕತೆ ಇರ್ಲಿಲ್ಲ.

ಕಿಟಕಿಗೆಲ್ಲ ಜಮಖಾನ ನೇತು ಹಾಕಿದ್ವಿ ಕತ್ತಲಾಗ್ಲಿ ಅಂತ. ಹುಡುಗೀರು ಒಂದು ಕಡೆ ಹುಡುಗ್ರು ಒಂದು ಕಡೆ ನೆಲದ ಮೇಲೆ. ಪರದೆ ಹಾಕಿದ ಸ್ವಲ್ಪ ಹೊತ್ತಿಗೆ ಗಿಲ್ ಕಾಲು ಹಿಡ್ಕೊಂಡು ಕುಂಟ್ತಾ ಆಚೆ ಹೋದ. ಒಬ್ಳು ಕೇಳಿದ್ಲು, ಸಾರ್ ಔಟೇ ಆಗಿಲ್ವಲ್ಲ, ಯಾಕೆ ಹೋಗ್ತಾನೆ? ರಿಟೈರ್ಡ್ ಹರ್ಟ್ ಅಂದ್ರೇನು, ಆಮೇಲೆ ವಾಪಸ್ ಬರ್ಬೋದಾ, ಬಂದ್ರೆ ರನ್ನು ಎಲ್ಲಿಂದ ಶುರುವಾಗುತ್ತೆ, ಇದನ್ನೆಲ್ಲ ಹುಡುಗ್ರು ಪೈಪೋಟಿ ಮೇಲೆ ವಿವರಿಸಿದ್ರು. ಎಂದೂ ಬಾಯಿ ಬಿಡದ ಹುಡುಗ ಒಬ್ಬ, ಓದಲ್ಲಿ ತೀರಾ ಹಿಂದೆ, ವರ್ಷದ ಮಧ್ಯೆ ಮಾಡೋ ಕಿರುಪರೀಕ್ಷೆ ಎಫ್‌ಎ ಟೆಸ್ಟಲ್ಲಿ ಪಾಪ ಸೊನ್ನೆ ಸುತ್ತೋನು, ಅವನು ರನ್‌ರೇಟ್ ಲೆಕ್ಕ ಬಾಯಲ್ಲೇ ಹೇಳ್ತಿದ್ದ. ನಾನು ದಶಮಾಂಶ ಭಾಗಾಕಾರ ಕಲಿಸಕ್ಕೆ ಒದ್ದಾಡಿದ್ದು ಇವನಿಗೇನಾ ಅನ್ನಿಸ್ತು. ಮುಂದಿನ ವಾರ ಅವನಿಂದಾನೇ ಬೋರ್ಡ್ ಮೇಲೆ ಮಾಡ್ಸಿದೆ. ಎಲ್ಲಾ ಲೆಕ್ಕಾನೂ ಮಾಡ್ಬಿಟ್ಟ ಅಂತೇನಲ್ಲ, ಎರಡು ಮಾಡ್ದ, ಮೂರನೇದು ತಪ್ಪು ಮಾಡ್ದ.

ಆದ್ರೆ ಅವತ್ತಿನದ್ದು ಒಂದು ಕೊರತೆ ಇದೆ, ಅದನ್ನ ಕೊನೇಲಿ ಹೇಳ್ತೀನಿ.

ಬೇರೆ ದೇಶದವ್ರು ಏನ್ ಮಾಡ್ತಾರೆ ಅಂತ ನೋಡಿದ್ರೆ ನಾವೇ ಪರವಾಗಿಲ್ಲ ಅನ್ಸುತ್ತೆ. 2014ರಲ್ಲಿ ಬ್ರೆಜಿಲ್ಲಲ್ಲಿ ಫುಟ್‌ಬಾಲ್ ವಿಶ್ವಕಪ್ ಆಯ್ತಲ್ಲ, ಅದಕ್ಕೆ ಎರಡು ವರ್ಷ ಮುಂಚೆನೇ ಪಾರ್ಲಿಮೆಂಟಲ್ಲಿ ಕಾನೂನು ಮಾಡಿದ್ರು, ಅದರ 64ನೇ ವಿಧಿ ಏನ್ ಹೇಳುತ್ತೆ ಅಂದ್ರೆ, ವರ್ಷದ ಮಧ್ಯದ ಶಾಲಾ ರಜೆ ಟೂರ್ನಮೆಂಟ್ ಶುರುವಾದಾಗಿಂದ ಮುಗಿಯೋವರೆಗೂ ಪೂರ್ತಿ ಬರೋ ಹಾಗೆ ಕ್ಯಾಲೆಂಡರ್ ಹೊಂದಿಸ್ಬೇಕು ಅಂತ. ರಜೆ ಹೆಚ್ಚು ಕೊಡ್ಲಿಲ್ಲ ನೋಡಿ, ಇದ್ದ ರಜೆನೇ ಜರುಗಿಸಿದ್ರು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲೂ ಹಂಗೇ, ವಿಶ್ವಕಪ್ಪಿನ ತಿಂಗಳು ಶಾಲೆಗಳು ಮುಚ್ಚಿದ್ವು. ಸೌದಿಯವ್ರು 2022ರಲ್ಲಿ ಅರ್ಜೆಂಟೀನಾನ ಸೋಲಿಸಿದ್ರು ಅಂತ ಮಾರನೇ ದಿನ ಇಡೀ ದೇಶಕ್ಕೇ ರಜೆ ಕೊಟ್ಬಿಟ್ರು, ಅದು ರಾಜರ ಮರ್ಜಿ ಬಿಡಿ. ನನಗೆ ಹಿಡಿಸಿದ್ದು ವೇಲ್ಸ್ ಅನ್ನೋ ಪುಟ್ಟ ದೇಶದ್ದು. ಅದೇ ವಿಶ್ವಕಪ್ಪಲ್ಲಿ ಅವ್ರ ಮ್ಯಾಚ್ ಇರಾನ್ ಮೇಲೆ, ಶುಕ್ರವಾರ, ಅಲ್ಲಿಯ ಟೈಮು ಬೆಳಿಗ್ಗೆ ಹತ್ತು ಗಂಟೆ, ಸರಿಯಾಗಿ ಪಾಠದ ಹೊತ್ತು. ಎಷ್ಟೋ ಶಾಲೆಗಳವ್ರು ಮಕ್ಕಳನ್ನ ಹಾಲಲ್ಲಿ ಕೂರ್ಸಿ ತೋರ್ಸಿದ್ರು. ವೇಲ್ಸ್ ಸೋತೋಯ್ತು, ಅದೂ ಕೊನೇ ನಿಮಿಷಗಳಲ್ಲಿ ಎರಡು ಗೋಲ್ ಬಿಟ್ಕೊಟ್ಟು. ಮಕ್ಕಳು ಒಟ್ಟಿಗೆ ಕೂತು ಸೋಲು ನೋಡಿದ್ವು, ಆಮೇಲೆ ಕ್ಲಾಸಿಗೆ ಹೋದ್ವು.

ಅಷ್ಟು ದೂರ ಯಾಕೆ, ನಮ್ಮ ಕೊಡಗಿನವ್ರನ್ನ ನೋಡಿ. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಸ್ಕೊಂಡು ಬರ್ತಿದಾರೆ, ನೂರಾರು ಕುಟುಂಬದ ಟೀಮುಗಳು ಆಡ್ತವೆ, ಅದನ್ನ ಇಟ್ಕೊಂಡಿರೋದು ಏಪ್ರಿಲ್ ಮೇನಲ್ಲಿ, ಬೇಸಿಗೆ ರಜೇಲಿ. ಶಾಲೆಗೂ ಆಟಕ್ಕೂ ಜಗಳನೇ ಇಲ್ಲ.

ಈಗ ಯಾರೋ ಕೇಳೇ ಕೇಳ್ತೀರಿ, ಆಟಕ್ಕೆ ಯಾಕ್ ಸ್ವಾಮಿ ಇಷ್ಟು ಮರ್ಯಾದೆ ಅಂತ. 2023ರ ಆಗಸ್ಟ್ 23, ಚಂದ್ರಯಾನ-3 ಇಳಿದ ದಿನ ಸಂಜೆ ಶಾಲೆಗಳಲ್ಲಿ ಮಕ್ಕಳನ್ನ ಸೇರಿಸಿ ಲೈವ್ ತೋರ್ಸಿ ಅಂತ ಕೇಂದ್ರದಿಂದಾನೇ ಸೂಚನೆ ಬಂತು. ಆರು ಗಂಟೆ ನಾಲ್ಕು ನಿಮಿಷಕ್ಕೆ ಇಳೀತು, ಸಂಜೆ ಆಗಿದ್ರೂ ಯಾರೂ ಗೊಣಗ್ಲಿಲ್ಲ, ನಾನೂ ತೋರ್ಸಿದೆ, ನಂಗೂ ಕಣ್ಣಲ್ಲಿ ನೀರು ಬಂತು. ಅದು ವಿಜ್ಞಾನ ಇದು ಮೋಜು ಅಂತೀರಿ. ಸರ್ಕಾರ ಹಾಗೆ ಅಂದ್ಕೊಂಡಿಲ್ಲ. 2007ರಲ್ಲಿ ಒಂದು ಕಾನೂನು ಆಗಿದೆ, ರಾಷ್ಟ್ರೀಯ ಮಹತ್ವದ ಪಂದ್ಯಗಳು ಅಂತ ಪಟ್ಟಿ ಮಾಡಿ, ಹಕ್ಕು ಯಾರೇ ಕೊಂಡ್ಕೊಂಡಿರ್ಲಿ, ಅವ್ರು ದೂರದರ್ಶನಕ್ಕೆ ಸಿಗ್ನಲ್ ಕೊಡ್ಲೇಬೇಕು, ಕೇಬಲ್ ದುಡ್ಡು ಕಟ್ಟೋಕಾಗದೋರಿಗೂ ಸಿಗ್ಬೇಕು ಅಂತ. ಹಾಗಂತ ದೇಶ ಒಪ್ಕೊಂಡಿರೋವಾಗ ಹತ್ತು ಗಂಟೆಯಿಂದ ನಾಲ್ಕೂವರೆವರೆಗೆ ಮಾತ್ರ ಅದು ರಾಷ್ಟ್ರೀಯ ಅಪರಾಧ ಆಗೋದು ಹೇಗೆ?

ಇನ್ನು ಐಪಿಎಲ್. ಅದಕ್ಕೆ ನನ್ನ ಉತ್ತರ ಒಂದೇ ಪದ, ಇಲ್ಲ. ಅದು ರಾತ್ರಿ ಆಟ, ಎರಡು ತಿಂಗಳು ದಿನಾ, ಎಸ್ಸೆಸ್ಸೆಲ್ಸಿ ಪರೀಕ್ಷೆ ಅಕ್ಕಪಕ್ಕ. ಅದಕ್ಕೆಲ್ಲ ಶಾಲೆ ತಲೆ ಬಾಗಿಸಿದ್ರೆ ಮುಗೀತು ಕತೆ. ಮನೇಲಿ ಹನ್ನೊಂದೂವರೆವರೆಗೆ ಟೀವಿ ಮುಂದೆ ಕೂರ್ಸ್ಕೊಂಡು ಬೆಳಿಗ್ಗೆ ಮಗ ಕ್ಲಾಸಲ್ಲಿ ತೂಕಡಿಸ್ತಾನೆ ಅಂತ ನಮ್ಮ ಹತ್ರ ಹೇಳ್ಬೇಡಿ. ಹೋದ ವರ್ಷ ಜೂನ್ 3ಕ್ಕೆ ಆರ್‌ಸಿಬಿ ಕಪ್ ಗೆಲ್ತು, ಹದಿನೆಂಟು ವರ್ಷದ ಕಾಯುವಿಕೆ, ರಾತ್ರಿಯೆಲ್ಲ ಪಟಾಕಿ, ನಾನೂ ಮಲಗಿಲ್ಲ. ಮಾರನೇ ದಿನ ಬುಧವಾರ, ಚಿನ್ನಸ್ವಾಮಿ ಹತ್ರ ಕಾಲ್ತುಳಿತದಲ್ಲಿ 11 ಜನ ಹೋದ್ರು, ಅವ್ರಲ್ಲಿ ಇನ್ನೂ ಮೀಸೆ ಚಿಗುರ್ತಿದ್ದ ಮಕ್ಕಳೂ ಇದ್ರು, ಹೆಣ್ಮಕ್ಕಳೂ ಇದ್ರು. ಅದರ ಬಗ್ಗೆ ನಾನು ಜಾಸ್ತಿ ಮಾತಾಡಲ್ಲ, ಮಾತಾಡಕ್ಕೂ ಆಗಲ್ಲ.

ಇನ್ನೊಂದು ಮಾತು, ಮ್ಯಾಚ್ ಅಂದ ತಕ್ಷಣ ಇಷ್ಟೊತ್ತೂ ನಾನು ಗಂಡಸರ ಕ್ರಿಕೆಟ್ ಲೆಕ್ಕನೇ ಹೇಳ್ದೆ, ಗಮನಿಸಿದ್ರಾ? ನಮ್ಮ ತಲೆನೇ ಹಾಗೆ. ಹೆಣ್ಮಕ್ಕಳ ಕ್ಯಾಲೆಂಡರ್ ನೋಡಿದ್ರೆ ಅಲ್ಲೂ ಅದೇ ಕತೆ. 2017ರಲ್ಲಿ ಹರ್ಮನ್‌ಪ್ರೀತ್ ಆಸ್ಟ್ರೇಲಿಯಾ ಮೇಲೆ ಔಟಾಗ್ದೆ 171 ಹೊಡೆದ ಸೆಮಿಫೈನಲ್ ಗುರುವಾರ, ಆ ಟೀಮಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ ಇದ್ರು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ರು. ಹೋದ ವರ್ಷ ಅಕ್ಟೋಬರ್ 30, ಜೆಮಿಮಾ 127 ಹೊಡೆದು ಆಸ್ಟ್ರೇಲಿಯಾದ 338ನ್ನ ದಾಟಿಸಿದ ಸೆಮಿಫೈನಲ್ಲು, ಅದೂ ಗುರುವಾರ, ಮಧ್ಯಾಹ್ನ ಮೂರಕ್ಕೆ ಶುರು. ಆ ದಿನ ಯಾವ ಹುಡುಗನೂ ಕಾಂಪೌಂಡ್ ಹಾರಿರಲ್ಲ ಅಂತ ನಾನು ಬೆಟ್ ಕಟ್ತೀನಿ. ಅದಕ್ಕೂ ಮುಂಚೆ, ಜನವರೀಲಿ ಡೆಲ್ಲೀಲಿ ಮೊದಲ ಖೋಖೋ ವಿಶ್ವಕಪ್ ಆಯ್ತು, ನಮ್ಮ ಹುಡುಗೀರು ನೇಪಾಳಾನ 78-40ರಲ್ಲಿ ಸೋಲಿಸಿದ್ರು, ಟೀಮಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ರು. ನಮ್ಮ ಶಾಲೆ ಅಂಗಳದಲ್ಲಿ ದಿನಾ ಮಣ್ಣು ಎಬ್ಬಿಸೋ ಆಟ ಅದು, ಕಂಬ ಎರಡು ನೆಟ್ರೆ ಮುಗೀತು, ಬೇರೆ ಖರ್ಚಿಲ್ಲ. ಫೈನಲ್ ಭಾನುವಾರ ಇತ್ತು. ಸೋಮವಾರ ಪ್ರಾರ್ಥನೇಲಿ ಕೇಳಿದೆ, ಯಾರು ನೋಡಿದ್ರಿ ಅಂತ. ಒಂದು ಕೈ ಇಲ್ಲ. ಹುಡುಗೀರದ್ದೂ ಇಲ್ಲ. ಶಾಲೇಲಿ ತೋರಿಸಿದ್ರೆ ನಾವು ಆರಿಸ್ಬೋದು, ಮನೆಗೆ ಕಳಿಸಿದ್ರೆ ರಿಮೋಟ್ ಯಾರ ಕೈಲಿ ಇರುತ್ತೋ ಅವ್ರು ಆರಿಸ್ತಾರೆ. ಅವತ್ತು ಮಧ್ಯಾಹ್ನ ಆ ಫೈನಲ್ಲಿನ ಹತ್ತು ನಿಮಿಷದ ವಿಡಿಯೋ ಹಾಕ್ದೆ. ಸಂಜೆ ನಮ್ಮ ಅಂಗಳದಲ್ಲಿ ಡೈವ್ ಹೊಡೆದು ನಾಲ್ಕು ಜನ ಮಂಡಿ ತರಚ್ಕೊಂಡ್ರು.

ಮಾಡೋದು ಹೇಗೆ ಅಂದ್ರೆ ಕಷ್ಟ ಏನಿಲ್ಲ. ವರ್ಷದ ಶುರುವಲ್ಲೇ ಎಸ್‌ಡಿಎಂಸಿ, ಅಂದ್ರೆ ಪೋಷಕರಿರೋ ಶಾಲಾಭಿವೃದ್ಧಿ ಸಮಿತಿ ಸಭೇಲಿ ಇಂಥಾ ಎರಡು ಮೂರು ದಿನ ಅಂತ ಗುರುತು ಹಾಕ್ಕೊಳ್ಳಿ, ಎಫ್‌ಎ ಟೆಸ್ಟು ಆ ದಿನ ಇಡ್ಬೇಡಿ, ಹೋದ ಗಂಟೆನ ಶನಿವಾರ ತುಂಬಿಸಿ, ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಆಫೀಸಿಗೆ ಮುಂಚೆನೇ ಒಂದು ಪತ್ರ ಹಾಕಿ. ಮ್ಯಾಚ್ ಇಷ್ಟ ಇಲ್ಲದ ಮಕ್ಕಳು ಇರ್ತಾರೆ, ಅವ್ರಿಗೆ ಲೈಬ್ರರಿ ಬೀರು ಬೀಗ ತೆಗೀರಿ, ಅದೂ ವರ್ಷಕ್ಕೊಂದ್ಸಲ ಗಾಳಿ ಆಡ್ಲಿ. ಮುಂದಿನ ಒನ್‌ಡೇ ವಿಶ್ವಕಪ್ 2027ರ ಅಕ್ಟೋಬರ್ ನವೆಂಬರಲ್ಲಿ, ಆಫ್ರಿಕಾ ಕಡೆ, ಅಂದ್ರೆ ಹಗಲು ಮ್ಯಾಚ್ ಆದ್ರೆ ನಮ್ಮ ಊಟದ ಬೆಲ್ಲಿನ ಹೊತ್ತಿಗೇ ಶುರುವಾಗುತ್ತೆ. ಇನ್ನೂ ಟೈಮಿದೆ.

ಕೊರತೆ ಹೇಳ್ತೀನಿ ಅಂದಿದ್ನಲ್ಲ. ಆ ನವೆಂಬರ್ 15, ಕೊಹ್ಲಿ ಐವತ್ತನೇ ಸೆಂಚುರಿ ಕಡೆ ಹೋಗ್ತಿದಾನೆ, ಸಚಿನ್ ದಾಖಲೆ ಮುರಿಯೋದು, ಅದೂ ಸಚಿನ್ ಅಲ್ಲೇ ಕೂತಿರೋವಾಗ. ನಾಲ್ಕೂವರೆ ಬೆಲ್ ಹೊಡೀತು, ಇನ್ನೊಂದು ಅರ್ಧ ಗಂಟೆ ಇರ್ರಿ ಅಂದೆ. ಊರ ಹುಡುಗ್ರು ಇದ್ರು. ಆದ್ರೆ ಆ ಕಡೆ ಹಳ್ಳಿಗಳಿಗೆ ಹೋಗೋ ಬಸ್ಸು ನಾಲ್ಕು ಮುಕ್ಕಾಲಿಗೆ, ಅದು ಬಿಟ್ರೆ ಏಳು ಗಂಟೆಗೆ. ಬಸ್ಸಿಗೆ ಹೋಗೋರು ಯಾರು? ಹುಡುಗೀರೇ ಜಾಸ್ತಿ, ಹುಡುಗ್ರು ಸೈಕಲ್ಲು. ಒಬ್ಬೊಬ್ರೇ ಎದ್ದು ಬ್ಯಾಗ್ ಹಾಕ್ಕೊಂಡು, ಬಾಗಿಲ ಹತ್ರ ನಿಂತು ಇನ್ನೊಂದು ಬಾಲ್ ನೋಡಿ, ಇನ್ನೊಂದು ಬಾಲ್ ನೋಡಿ, ಓಡಿದ್ರು. ಅವ್ರು ಹೋದ ಮೇಲೆ ಸೆಂಚುರಿ ಬಂತು. ಆ ರೂಮಲ್ಲಿ ಅರ್ಧ ಜಮಖಾನ ಖಾಲಿ.

ಇಷ್ಟು ಹೇಳಿ ನಾನು ಮೈಕ್ ಕೊಟ್ಟೆ. ಟೀ ಕುಡೀವಾಗ ಒಬ್ರು ತಾಯಿ ಹತ್ರ ಬಂದ್ರು, ತಲೆ ಮೇಲೆ ಸೆರಗು, ಕೈಲಿ ಬಿಸ್ಕತ್ತು. "ಮೇಷ್ಟ್ರೇ, ಅವತ್ತು ಆ ಬಸ್ಸಲ್ಲಿ ನನ್ ಮಗಳೂ ಇದ್ಲು, ಕಂಡಕ್ಟ್ರು ಫೋನಲ್ಲಿ ಕೇಳಿ ಸೆಂಚುರಿ ಅಂತ ಕೂಗಿದ್ರಂತೆ, ಮನೆಗ್ ಬಂದು ಅದನ್ನೇ ಹೇಳಿದ್ಲು" ಅಂದ್ರು. ನನಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ. ಅವ್ರೇ ಮತ್ತೆ ಕೇಳಿದ್ರು, "ಆ ಬಸ್ಸು ಒಂದ್ ಗಂಟೆ ತಡವಾಗಿ ಬಿಡಿ ಅಂತ ಅರ್ಜಿ ಬರ್ಕೊಟ್ರೆ ಬಿಡ್ತಾರಾ? ಯಾರ ಹೆಸ್ರಿಗೆ ಬರೀಬೇಕು?"

ಡಿಪೋ ಮ್ಯಾನೇಜರ್ ಹೆಸ್ರಿಗಮ್ಮ ಅಂದೆ. ಪೆನ್ ಇದ್ಯಾ ಅಂದ್ರು.